ಅಂದರೂನ್, ಬೇರೂನ್: ರಾಯಚೂರಿನ ಹಳೆಯ ಮಹಡಿ ಮನೆಗಳ ಚರಿತ್ರೆ

ರಾಯಚೂರಿನ ಹಳೆಯ ಊರಿನ ವಿಳಾಸಗಳಲ್ಲಿ ಎರಡು ಹೆಸರುಗಳು ಈಗಲೂ ಉಳಿದಿವೆ: ಅಂದರೂನ್ ಕಿಲ್ಲಾ, ಬೇರೂನ್ ಕಿಲ್ಲಾ. ಅಂಚೆಯವರಿಗೂ ಆಟೋದವರಿಗೂ ಅವು ಎರಡು ಬಡಾವಣೆಗಳ ಹೆಸರು, ಅಷ್ಟೆ. ಫಾರಸಿಯಲ್ಲಿ ಅಂದರೂನ್ ಎಂದರೆ ಒಳಗೆ, ಬೇರೂನ್ ಎಂದರೆ ಹೊರಗೆ. ಕೋಟೆಯ ಒಳಗಿನವರು, ಹೊರಗಿನವರು ಎಂದು ಊರನ್ನು ಎಣಿಸುತ್ತಿದ್ದ ಕಾಲದ ಗುರುತು ಅದು. ಇದೇ ಪದಗಳಿಗೆ ಪರ್ಷಿಯಾದಲ್ಲಿ ಮನೆಗೆ ಸೇರಿದ ಇನ್ನೊಂದು ಬಳಕೆಯೂ ಇತ್ತು. ಅಂದರೂನಿ ಎಂದರೆ ಹೆಂಗಸರು ಮಕ್ಕಳು ಇರುವ ಒಳಮನೆ. ಬೀರೂನಿ ಎಂದರೆ ಬಂದವರನ್ನು ಕೂರಿಸಿ ಮಾತಾಡಿಸುವ ಹೊರಮನೆ. ರಾಯಚೂರಿನ ಹಳೆಯ ಪೇಟೆಗಳ ಮನೆಗಳನ್ನು ನೋಡುತ್ತ ಹೋದ ಹಾಗೆ, ಊರನ್ನು ಎರಡಾಗಿಸಿದ ಈ ಗೆರೆ ಪ್ರತಿ ಹೊಸ್ತಿಲಿನಲ್ಲೂ ಹಾದು ಹೋಗಿದೆ ಎಂದು ನನಗೆ ಅನ್ನಿಸಿದೆ.

ಕೃಷ್ಣಾ-ತುಂಗಭದ್ರೆಯರ ನಡುವಿನ ದೋಆಬಿನ ವಾಸದ ಮನೆಗಳ ಮೇಲೆ ಪಿಎಚ್.ಡಿ ಮಾಡುತ್ತಿರುವ ನನಗೆ ಮೂರು ವರ್ಷಗಳಿಂದ ರಾಯಚೂರು, ಮಾನ್ವಿ, ದೇವದುರ್ಗಗಳ ಓಣಿಗಳಲ್ಲಿ ಟೇಪು ಹಿಡಿದು ತಿರುಗುವುದೇ ಕೆಲಸ. ಆ ತಿರುಗಾಟದಲ್ಲಿ ಗಮನಕ್ಕೆ ಬಂದದ್ದು ಒಂದು ಹೊಸ ಪದ. ಊರ ಹೊರಗಿನ ಲೇಔಟುಗಳಲ್ಲಿ 'ಡ್ಯೂಪ್ಲೆಕ್ಸ್ ಮನೆ ಮಾರಾಟಕ್ಕಿದೆ' ಎಂಬ ಫಲಕಗಳು ಹೆಚ್ಚಾಗುತ್ತಿವೆ. ನಮ್ಮಲ್ಲಿ ಆ ಪದಕ್ಕೆ ಒಳಗೇ ಮೆಟ್ಟಿಲಿರುವ ಎರಡಂತಸ್ತಿನ ಮನೆ ಎಂಬ ಅರ್ಥ. ಅಮೆರಿಕದಲ್ಲಿ ಅದೇ ಪದ ಒಂದೇ ಕಟ್ಟಡದಲ್ಲಿ ಎರಡು ಸಂಸಾರಗಳು ಬೇರೆ ಬೇರೆಯಾಗಿ ಬಾಳುವ ಮನೆಗೆ ಸಲ್ಲುತ್ತದೆ. ರಾಯಚೂರಿನ ಹಳೆಯ ಮಹಡಿ ಮನೆಗಳು ಈ ಎರಡೂ ಅರ್ಥಗಳನ್ನು ತಮ್ಮ ಆಯುಷ್ಯದಲ್ಲಿ ಕಂಡಿವೆ. ಮೊದಲು ಕೆಳಗೆ-ಮೇಲೆ ಎಂದು ಎರಡಾದವು. ಆಮೇಲೆ ಅಣ್ಣನ ಪಾಲು-ತಮ್ಮನ ಪಾಲು ಎಂದು ಎರಡಾದವು. ಆ ಎರಡೂ ಹೋಳುಗಳಲ್ಲಿ ಈ ಸೀಮೆಯ ಚರಿತ್ರೆಯ ಒಂದು ಭಾಗವಿದೆ, ಅದನ್ನು ಓದುವವರು ಕಡಿಮೆ ಎಂಬುದು ನನ್ನ ವಾದ.

ಕಡಿಮೆ ಏಕೆಂದರೆ, ರಾಯಚೂರು ಎಂದಕೂಡಲೇ ಚರಿತ್ರೆಯ ವಿದ್ಯಾರ್ಥಿಗಳ ಕಣ್ಣು ಕಲ್ಲಿನ ಕಡೆ ಹೋಗುತ್ತದೆ. ಹೋಗುವುದು ಸಹಜವೂ ಹೌದು. ಅಶೋಕನ ಹೆಸರನ್ನೇ ನೇರವಾಗಿ ಹೇಳುವ ಶಾಸನ 1915ರಲ್ಲಿ ಸಿಕ್ಕಿದ್ದು ಈ ಜಿಲ್ಲೆಯ ಮಸ್ಕಿಯಲ್ಲಿ. ರಾಯಚೂರು ಕೋಟೆಯ ಒಳಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಕಾಕತೀಯರ ಕಾಲದ ಬರಹವಿದೆ. 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಇದೇ ಕೋಟೆಗಾಗಿ ಕಾದಾಡಿದ್ದನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ವಿವರವಾಗಿ ದಾಖಲಿಸಿದ್ದಾನೆ. ಶಾಸನ, ಕೋಟೆ, ಯುದ್ಧ: ಪಠ್ಯಪುಸ್ತಕದಲ್ಲಿ ರಾಯಚೂರಿಗೆ ಸಿಗುವ ಅರ್ಧ ಪುಟ ಇದರಲ್ಲೇ ತುಂಬಿಹೋಗುತ್ತದೆ. ಆ ಕೋಟೆಯ ನೆರಳಿನಲ್ಲಿ ಮಣ್ಣು, ಕಲ್ಲು, ಕಟ್ಟಿಗೆಯಿಂದ ಕಟ್ಟಿಕೊಂಡು ಬಾಳಿದ ಮನೆಗಳಿಗೆ ಶಾಸನವಿಲ್ಲ, ಬಾಗಿಲ ಮೇಲೆ ಇಸವಿಯಿಲ್ಲ.

ಮನೆಯನ್ನು ಓದಬೇಕಾದರೆ ಮೊದಲು ಅದರ ಮಾತು ಗೊತ್ತಿರಬೇಕು. ಬೇರೆ ಸೀಮೆಯ ಓದುಗರಿಗೆ ಮಾಳಿಗೆ ಎಂದರೆ ಮೇಲಿನ ಅಂತಸ್ತು. ನಮ್ಮ ಕಡೆ ಮಾಳಿಗಿ ಎಂದರೆ ತಲೆಯ ಮೇಲಿನ ಮಣ್ಣಿನ ಸಮತಟ್ಟು ಛಾವಣಿ. ಒಂದೇ ಅಂತಸ್ತಿದ್ದರೂ ಅದು 'ಮಾಳಿಗಿ ಮನಿ'. ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡವಾಗಿ ಜಂತಿ. ಜಂತಿಯ ಮೇಲೆ ಕಟ್ಟಿಗೆಯ ತುಂಡುಗಳ ಹಾಸು, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಬೆಳೆ ಬಾರದ ಚೌಳು ನೆಲದ ಈ ಮಣ್ಣನ್ನೇ ಛಾವಣಿಗೆ ಆರಿಸಿಕೊಂಡದ್ದರಲ್ಲಿ ಬಲು ಸೂಕ್ಷ್ಮವಾದ ತಿಳಿವಳಿಕೆಯಿದೆ. ಸೋಡಿಯಂ ಹೆಚ್ಚಿರುವ ಜೇಡಿ ನೀರು ತಾಕಿದಾಗ ನುಣ್ಣಗೆ ಹರಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹೊಲದಲ್ಲಿ ನೀರು ಇಂಗಗೊಡದೆ ಬೆಳೆ ಕೆಡಿಸುವ ಗುಣವೇ ಮಾಳಿಗೆಯ ಮೇಲೆ ಮಳೆಯನ್ನು ತಡೆಯುತ್ತದೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆಗೆ ಇದು ಹೇಳಿ ಮಾಡಿಸಿದ ಛಾವಣಿ. ಆದರೆ ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಕರಲು ಹಾಕಿ ತುಳಿಯುವ ಕೆಲಸ ತಪ್ಪುವಂತಿಲ್ಲ. ಒಂದೆರಡು ವರ್ಷ ಕೈಬಿಟ್ಟರೆ ಸಾಕು, ಮಾಳಿಗೆ ಸೋರುತ್ತದೆ, ಜಂತಿ ಕೊಳೆಯುತ್ತದೆ. ಶಿಶುನಾಳ ಷರೀಫರು ಮನೆಯ ಸೋರುವಿಕೆಯನ್ನು ಮನಸ್ಸಿನ ಅಜ್ಞಾನಕ್ಕೆ ಹೋಲಿಸಿದ್ದು ಉತ್ತರ ಕರ್ನಾಟಕದ ಕೇಳುಗರಿಗೆ ಅಷ್ಟು ಬೇಗ ನಾಟಿದ್ದು ಸುಮ್ಮನೆ ಅಲ್ಲ.

ಈ ಮನೆಗಳ ಅಳತೆ ಚದರಡಿಯಲ್ಲಿ ಇರುತ್ತಿರಲಿಲ್ಲ. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಮನೆಯ ಗಾತ್ರ ಹೇಳುವುದು ಎಷ್ಟು ಅಂಕಣ ಎಂದು. ಜಂತಿಯ ಕಟ್ಟಿಗೆ ಎಷ್ಟು ಉದ್ದ ಸಿಗುತ್ತದೋ ಅಂಕಣ ಅಷ್ಟೇ ಅಗಲ. ಬಯಲುಸೀಮೆಯಲ್ಲಿ ಸಿಗುವ ಬೇವು, ಜಾಲಿ ಮರಗಳ ಉದ್ದವೇ ಕೋಣೆಯ ಅಗಲವನ್ನು ತೀರ್ಮಾನಿಸಿದೆ. ತೇಗದ ತೊಲೆಯ ಅಗಲವಾದ ಪಡಸಾಲೆ ಕಂಡರೆ ಆ ಮನೆಯವರಿಗೆ ದೂರದಿಂದ ಕಟ್ಟಿಗೆ ತರಿಸುವ ಶಕ್ತಿ ಇತ್ತು ಎಂದು ತಿಳಿಯಬಹುದು.

ಹಾಗಿರುವಾಗ ಮಹಡಿ ಏರಿಸುವುದು ಎಲ್ಲರ ಕೈಗೆ ಎಟಕುವ ಮಾತಾಗಿರಲಿಲ್ಲ. ಮಣ್ಣಿನ ಗಾರೆಯ ಗೋಡೆ ಎರಡನೇ ಅಂತಸ್ತಿನ ಭಾರ ಹೊರಬೇಕಾದರೆ ಕೆಳಗೆ ದಪ್ಪವಾಗಿರಬೇಕು. ನಾನು ಅಳೆದ ಮಹಡಿ ಮನೆಗಳಲ್ಲಿ ಕೆಳಗಿನ ಗೋಡೆ ಎರಡು ಅಡಿಗೂ ಮಿಕ್ಕಿದ್ದು, ಮೇಲೆ ಹೋದಂತೆ ತೆಳುವಾಗುತ್ತದೆ. ಗೋಡೆಯ ದಪ್ಪದಲ್ಲೇ ಗೂಡುಗಳು, ಅದರಲ್ಲೇ ಕಪಾಟು, ಎಷ್ಟೋ ಕಡೆ ಅದರೊಳಗೇ ಮೆಟ್ಟಿಲು. ಒಬ್ಬರೇ ಹತ್ತಬಹುದಾದ ಇಕ್ಕಟ್ಟಿನ ಕಡಿದಾದ ಮೆಟ್ಟಿಲು. ಕೆಲವೆಡೆ ಅದರ ಬಾಯಿಗೆ ಮೇಲಿನಿಂದ ಅಡ್ಡ ಹಾಕುವ ಹಲಗೆ ಬಾಗಿಲು. ದಂಡುಗಳು ದಾಟಿ ಹೋಗುತ್ತಿದ್ದ ಸೀಮೆಯಲ್ಲಿ ಇಂಥ ಬಾಗಿಲು ಯಾಕೆ ಬೇಕಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ. ಕೆಳಗೆ ದನ, ಅಡುಗೆ, ದೇವರು, ಹಗೇವಿನ ಜೋಳ. ಮೇಲೆ ಹತ್ತಿ, ಕಾಗದಪತ್ರ, ಬಂದ ನೆಂಟರು.

ಮಹಡಿ ಮನೆಗಳ ರೂಪ ಬದಲಾಗಿದ್ದು ರೈಲಿನಿಂದ. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಹತ್ತಿಯ ವ್ಯಾಪಾರ ಬೆಳೆದು ಪೇಟೆಯಲ್ಲಿ ಹಣ ಓಡಾಡಿತು. ಅದೇ ರೈಲು ಹಳಿ ಶಹಾಬಾದಿನ ಮೂಲಕ ಹಾದುಬರುತ್ತದೆ. ಅಲ್ಲಿನ ಪರ್ಸಿ ಕಲ್ಲು ನೆಲಕ್ಕೂ ಛಾವಣಿಗೂ ಬಂತು. ಕಬ್ಬಿಣದ ಗರ್ಡರು ಬಂತು, ಬಣ್ಣದ ಗಾಜು ಬಂತು. ತೊಲೆ-ಜಂತಿಯ ಜಾಗದಲ್ಲಿ ಗರ್ಡರು-ಪರ್ಸಿ ಕೂತ ಮೇಲೆ ಅಂಕಣದ ಅಗಲ ಮರದ ಉದ್ದದ ಹಂಗಿನಿಂದ ಬಿಡುಗಡೆಯಾಯಿತು. ತೀನ್ ಕಂದೀಲ್, ಸರಾಫ್ ಬಜಾರಿನ ಸುತ್ತಲಿನ ಗಲ್ಲಿಗಳಲ್ಲಿ ತಲೆ ಎತ್ತಿ ನೋಡಿದರೆ ಒಂದೇ ಮನೆಯಲ್ಲಿ ಎರಡು ಕಾಲ ಕಾಣಸಿಗುವುದುಂಟು. ಕೆಳಗೆ ಮರದ ಕಂಬ, ಕುಸುರಿ ಕೆತ್ತಿದ ಬೋದಿಗೆ; ಮೇಲೆ ಗರ್ಡರು, ಎರಕದ ಕಬ್ಬಿಣದ ಕಟಾಂಜನ. ಬಾಗಿಲ ಮೇಲೆ ಇಸವಿ ಬರೆಯದಿದ್ದರೂ ಮೇಲಂತಸ್ತು ರೈಲಿಗಿಂತ ಆಚೆಯದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಕಟ್ಟಡದ ಮಾತು ಇಲ್ಲಿಗೆ ಸಾಕು. ಇಂಥ ಮನೆಗಳ ಬಗ್ಗೆ ಬರೆಯುವಾಗ ನಾವು ತಂಪಿನ ಪಡಸಾಲೆ, ಬೆಳಕಿಂಡಿಯ ಬಿಸಿಲುಕೋಲು ಎಂದು ಮೈಮರೆಯುತ್ತೇವೆ. ಆ ಪಡಸಾಲೆಯವರೆಗೆ ಯಾರು ಬರಬಹುದಿತ್ತು ಎಂಬ ಪ್ರಶ್ನೆಯನ್ನು ಕೇಳದಿದ್ದರೆ ಅದು ಚರಿತ್ರೆ ಆಗುವುದಿಲ್ಲ. ಬೀದಿಯ ಕಟ್ಟೆ, ತಲೆಬಾಗಿಲು, ಅಂಗಳ, ಪಡಸಾಲೆ, ನಡುಮನೆ, ಅಡುಗೆಮನೆ: ಪ್ರತಿ ಹೊಸ್ತಿಲೂ ಒಂದೊಂದು ಜಾತಿಯನ್ನು ಹೊರಗೆ ನಿಲ್ಲಿಸುತ್ತಿತ್ತು. ಬೇರೂನ್ ಕಿಲ್ಲಾದ ಒಂದು ಮನೆಯ ಗೋಡೆಯನ್ನು ಅಳೆಯುತ್ತಿದ್ದಾಗ ಪಕ್ಕದ ಚಹಾ ಅಂಗಡಿಯಲ್ಲಿದ್ದ ಹಿರಿಯರೊಬ್ಬರು ಹೇಳಿದ ಮಾತನ್ನು ಅದೇ ದಿನ ಬರೆದಿಟ್ಟುಕೊಂಡೆ: "ಈ ಗ್ವಾಡಿ ನಮ್ಮ ಮುತ್ಯಾ ಕಟ್ಯಾನ ನೋಡವ್ವಾ. ಕಟ್ಟಾತನಕ ಒಳಗ ಹೊರಗ ಅಡ್ಡಾಡ್ಯಾನ. ಗೃಹಪ್ರವೇಶ ಆದಮ್ಯಾಲ ಅಂಗಳ ದಾಟಿಲ್ಲ." ಕಲ್ಲು ಒಡೆದವರು, ಮಣ್ಣು ಕಲಸಿದವರು, ಬೋದಿಗೆ ಕೆತ್ತಿದವರು ಯಾರ ಹೆಸರೂ ಮನೆಯಲ್ಲಿ ಇಲ್ಲ. ಇಲ್ಲಿ 1294ರ ಆ ದೊಡ್ಡ ಕಲ್ಲು ಮತ್ತೆ ನೆನಪಾಗುತ್ತದೆ. ಬರಹದ ಜೊತೆಗೆ ಅಲ್ಲಿ ಒಂದು ಚಿತ್ರವೂ ಇದೆ: ಬಂಡೆಯನ್ನು ಬಂಡಿಯ ಮೇಲೆ ಹೇರಿ, ಜೋಡಿ ಜೋಡಿ ಪಶುಗಳನ್ನು ಹೂಡಿ, ಆಳುಗಳು ಎಳೆಸಿಕೊಂಡು ಬರುತ್ತಿರುವುದು. ಏಳುನೂರು ವರ್ಷಗಳ ಹಿಂದಿನ ಕೋಟೆಯೇ ತನ್ನನ್ನು ಹೊತ್ತು ತಂದ ದುಡಿಮೆಯನ್ನು ಕೆತ್ತಿಸಿಕೊಂಡಿದೆ. ಮೊನ್ನೆ ಮೊನ್ನೆಯ ಮನೆಗಳು ಅಷ್ಟನ್ನೂ ಮಾಡಲಿಲ್ಲ.

ಒಳಗಿದ್ದವರ ಪಾಡು ಬೇರೆ ಬಗೆಯದು. ಅದೇ ಓಣಿಯ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಹಡಿಯ ಸಣ್ಣ ಕಿಟಕಿಯನ್ನು ತೋರಿಸಿ ಹೇಳಿದರು: "ನಮ್ಮತ್ತಿ ಇರೋತನಕ ನಾ ಹಗಲೊತ್ತಿನ್ಯಾಗ ಪಡಸಾಲಿಗೆ ಬಂದಾಕಿ ಅಲ್ಲ ಯವ್ವಾ. ಜಾತ್ರಿ, ಮದಿವಿ, ಮೊಹರಮ್ಮು ಎಲ್ಲಾ ಈ ಕಿಟಕ್ಯಾಗಿಂದನ ನೋಡೀನಿ." ಮುಸ್ಲಿಂ ಮನೆಗಳಲ್ಲಿ ಜನಾನಾ, ಮರ್ದಾನಾ ಎಂದು ಹೆಸರಿಟ್ಟು ಮಾಡಿದ ವಿಂಗಡಣೆಯನ್ನು ಬ್ರಾಹ್ಮಣ, ಲಿಂಗಾಯತ ಮನೆಗಳು ಹೆಸರಿಡದೆ ಪಾಲಿಸಿದ್ದವು. ಮಹಡಿಯ ಆ ಕಿಟಕಿ ಹೆಂಗಸಿಗೆ ಬೀದಿಯನ್ನು ಕಾಣಿಸುತ್ತಿತ್ತು, ಬೀದಿಗೆ ಅವಳನ್ನು ಕಾಣಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಕಿದ ರಾತ್ರಿಗಳಲ್ಲಿ ಮಾತ್ರ ಓಣಿಯ ಹೆಂಗಸರೆಲ್ಲ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟಿ ಮಾತಾಡುತ್ತಿದ್ದರಂತೆ. ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲಿನಲ್ಲಿ ಕೆಳಗಿದ್ದ ಹೊಸ್ತಿಲುಗಳು ಮೇಲೆ ಇರಲಿಲ್ಲ. ನನ್ನ ಮಟ್ಟಿಗೆ ಈ ಮನೆಗಳ ಚರಿತ್ರೆಯ ಅತ್ಯಂತ ಜೀವಂತ ಜಾಗ ಆ ಮಾಳಿಗೆ.

ಈಗ ಎರಡನೇ ಅರ್ಥಕ್ಕೆ ಬರೋಣ, ಎರಡು ಪಾಲಾದ ಮನೆಗೆ. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿ ಕಾಯ್ದೆ ಬಂತು, ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಗೌಡಕಿ, ಕುಲಕರ್ಣಿಕೆಯಂಥ ವಂಶಪಾರಂಪರ್ಯದ ಹುದ್ದೆಗಳು ಹೋದವು, 1974ರ ಭೂಸುಧಾರಣೆ ಬಂತು. ಹೊಲದ ಆದಾಯದ ಮೇಲೆ ನಿಂತಿದ್ದ ಕೂಡು ಕುಟುಂಬಗಳು ಸಡಿಲಗೊಂಡಂತೆ ಪಾಲಿನ ಮಾತು ಮನೆಯ ಬಾಗಿಲಿಗೆ ಬಂತು. ಹೊಲವನ್ನು ಹಂಚುವುದು ಸುಲಭ, ಅಂಕಣದ ಮನೆಯನ್ನು ಹಂಚುವುದು ಕಷ್ಟ. ನಾನು ನೋಡಿದ ಒಂದು ಮನೆಯಲ್ಲಿ ಪಡಸಾಲೆಯ ನಟ್ಟನಡುವೆ ಇಟ್ಟಿಗೆ ಗೋಡೆ ಎದ್ದಿದೆ. ಒಂದೇ ತೊಲೆಯ ಅರ್ಧ ಅಣ್ಣನ ಕಡೆ, ಅರ್ಧ ತಮ್ಮನ ಕಡೆ. ಮೆಟ್ಟಿಲು ಅಣ್ಣನ ಪಾಲಿಗೆ ಬಂದದ್ದರಿಂದ ತಮ್ಮನವರು ಹೊರಗಿನಿಂದ ಕಬ್ಬಿಣದ ಏಣಿ ಹಾಕಿಸಿಕೊಂಡಿದ್ದಾರೆ.

ಈ ಹಂಚಿಕೆಯ ಕಾನೂನಿನ ಮೂಲವೂ ನಮ್ಮ ಸೀಮೆಯದೇ ಎಂಬುದನ್ನು ನೆನೆಯಬೇಕು. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ತತ್ವವನ್ನು ಖಚಿತವಾಗಿ ಮಂಡಿಸಿದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಮಗಳಿಗೆ ಆ ಹಕ್ಕು ಬರಲು ಎಷ್ಟೋ ಶತಮಾನ ಹಿಡಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ 23ನೇ ಕಲಮು ಎಂಬುದೊಂದಿತ್ತು. ಕುಟುಂಬ ವಾಸವಾಗಿರುವ ಮನೆಯಲ್ಲಿ ಗಂಡು ವಾರಸುದಾರರು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣು ವಾರಸುದಾರರು ಪಾಲು ಕೇಳುವಂತಿರಲಿಲ್ಲ. ಮದುವೆಯಾಗದವಳು, ವಿಧವೆ, ಗಂಡ ಬಿಟ್ಟವಳು ಅಥವಾ ಗಂಡನಿಂದ ಬೇರೆಯಾದವಳು ಆಗಿದ್ದರೆ ಮಾತ್ರ ಮಗಳಿಗೆ ಆ ಮನೆಯಲ್ಲಿ ವಾಸದ ಹಕ್ಕು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟು, ಹೆಣ್ಣುಮಕ್ಕಳಿಗೆ ಕೂಡು ಆಸ್ತಿಯಲ್ಲಿ ಹಕ್ಕು ಕೊಟ್ಟಿತು. 23ನೇ ಕಲಮು ತೆಗೆದುಹಾಕಲ್ಪಟ್ಟದ್ದು 2005ರಲ್ಲಿ. ಅಂದರೆ ಅಜ್ಜಿ ನೋಡುತ್ತಿದ್ದ ಆ ಕಿಟಕಿ ಅವರ ಮಗಳಿಗೆ ಕಾನೂನಿನ ಕಣ್ಣಲ್ಲೂ 'ತನ್ನದು' ಆಗಿ ಇನ್ನೂ ಹೆಚ್ಚು ಕಾಲವಾಗಿಲ್ಲ. ಹಳೆಯ ಮನೆ ಒಡೆಯುವಾಗ ಹೆಣ್ಣುಮಕ್ಕಳ ಪಾಲಿನ ದಾವೆಯೇ ಕಾರಣ ಎಂದು ದೂರುವವರನ್ನು ನಾನು ಮೂರೂ ಊರುಗಳಲ್ಲಿ ಕೇಳಿದ್ದೇನೆ. ಗೋಡೆ ಎಬ್ಬಿಸಿದ ಅಣ್ಣತಮ್ಮಂದಿರ ಮೇಲೆ ಆ ದೂರು ಬಂದದ್ದನ್ನು ಕೇಳಿಲ್ಲ.

ರಾಯಚೂರಿನಿಂದ ಮಾನ್ವಿಗೆ ಹೋದರೆ ಹಳೆಯ ಮನೆಯ ಇನ್ನೊಂದು ಹಣೆಬರಹ ಕಾಣುತ್ತದೆ. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ, ಬಾಳಿದ್ದು ಮಾನ್ವಿಯಲ್ಲಿ, ತೀರಿಕೊಂಡದ್ದು 1809ರಲ್ಲಿ. ದಾಸರ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆ ಎಂಬುದು ಭಕ್ತರ ನಂಬಿಕೆ. ಆ ಕಂಬಕ್ಕೆ ಪೂಜೆ ನಡೆಯುತ್ತದೆ, ಭಾದ್ರಪದದಲ್ಲಿ ಆರಾಧನೆಗೆ ಜನ ಸೇರುತ್ತಾರೆ. ವಿಜಯದಾಸರ ಚೀಕಲಪರವಿ ಇದೇ ಮಾನ್ವಿ ತಾಲ್ಲೂಕಿನದು, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ನನ್ನ ಅಧ್ಯಯನದ ಕಣ್ಣಿನಿಂದ ನೋಡಿದಾಗ ಮಾನ್ವಿಯ ಆ ಕಂಬ ಒಂದು ಸಂಗತಿ ಹೇಳುತ್ತದೆ: ಈ ಸೀಮೆಯಲ್ಲಿ ವಾಸದ ಮನೆಯ ತುಂಡೊಂದು ಇನ್ನೂರು ವರ್ಷ ಉಳಿಯಬೇಕಾದರೆ ಅದು ಮನೆಯಾಗಿರುವುದನ್ನು ಬಿಟ್ಟು ಗುಡಿಯಾಗಬೇಕು. ಇನ್ನೊಂದು ದಾರಿ ಸಾಹೇಬರದು. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದಲ್ಲಿ ಗುಡ್ಡದ ಮೇಲಿರುವ ಟೇಲರ್ ಮಂಜಿಲ್, 1840ರ ದಶಕದಲ್ಲಿ ಅಲ್ಲಿ ರಾಜಕೀಯ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರನ ಹೆಸರಿನಿಂದ ಇಂದಿಗೂ ಗುರುತಾಗುತ್ತದೆ. ಅವನ ಆತ್ಮಕಥೆಯಿಂದಾಗಿ ಆ ಕಾಲದ ಬದುಕು ನಮಗೆ ತಿಳಿದಿದೆ. ಸಂತನ ಮನೆಗೆ ಭಕ್ತರಿದ್ದಾರೆ, ಅಧಿಕಾರಿಯ ಮನೆಗೆ ಪುಸ್ತಕವಿದೆ. ಇವೆರಡೂ ಇಲ್ಲದ ಮಹಡಿ ಮನೆಗೆ ಇರುವುದು ಒಂದು ಟ್ರಂಕು.

ಆ ಟ್ರಂಕಿನೊಳಗೆ ಮನೆಯ ಕಾಗದಗಳಿರುತ್ತವೆ. ಮೂಡಣಕ್ಕೆ ಇಂಥವರ ಮನೆ, ಪಡುವಣಕ್ಕೆ ಇಂಥ ಬಾವಿ ಎಂದು ಚಕ್ಕುಬಂದಿ ಹೇಳುವ ಖರೀದಿ ಪತ್ರಗಳು, ಸಾಲದ ಚೀಟಿಗಳು. 1948ಕ್ಕೂ ಹಿಂದಿನವು ಹೆಚ್ಚಾಗಿ ಉರ್ದುವಿನಲ್ಲಿ, ಏಕೆಂದರೆ ನಿಜಾಮರ ಆಡಳಿತದ ಭಾಷೆ ಅದು. ಅಜ್ಜ ಉರ್ದು ಮಾಧ್ಯಮದಲ್ಲಿ ಓದಿ ಕಚೇರಿಯಲ್ಲಿ ಬರೆದವರು. ಮೊಮ್ಮಗ ಕನ್ನಡ ಅಥವಾ ಇಂಗ್ಲಿಷು ಮಾತ್ರ ಓದಬಲ್ಲ. ತನ್ನ ಮನೆಯ ಪತ್ರವನ್ನೇ ಓದಲಾರದ ತಲೆಮಾರು ನಮ್ಮದು. ಮನೆ ಒಡೆಯುವ ವಾರದಲ್ಲಿ ಆ ಕಾಗದಗಳು ರದ್ದಿಗೆ ಹೋಗುತ್ತವೆ, ಮತ್ತು ಹೆಸರು, ಜಾತಿ, ಬಾವಿ, ದಾರಿಗಳ ಸಮೇತ ಒಂದು ಇಡೀ ಓಣಿಯ ನಕ್ಷೆ ಅದರೊಂದಿಗೆ ಹೋಗುತ್ತದೆ.

ಮನೆಗಳು ಅಳಿಯುವ ಬಗೆಯೂ ಊರಿಂದ ಊರಿಗೆ ಬೇರೆ. ಮಾನ್ವಿಯ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಜೋಳದ ನೆಲ ಭತ್ತದ ಗದ್ದೆಯಾಯಿತು. ಹಣ ಬಂತು, ಅದರ ಹಿಂದೆಯೇ ಸಿಮೆಂಟು ಬಂತು. 2002ರ ನಂಜುಂಡಪ್ಪ ಸಮಿತಿ ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿದ ದೇವದುರ್ಗದಿಂದ ಜನ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋದರು. ಮಾಳಿಗೆಗೆ ಕರಲು ಹಾಕುವ ಕೈಗಳು ಊರಲ್ಲಿ ಉಳಿಯಲಿಲ್ಲ. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ಮಾಡುವುದು ಕಟ್ಟಡದ ಕೂಲಿಯನ್ನೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಈ ಭಾಗದ ಮಣ್ಣಿನ ಮನೆಗಳು ಸಾಲು ಸಾಲಾಗಿ ಕುಸಿದು ಜನ ಸತ್ತರು. ನದಿ ದಂಡೆಯ ಎಷ್ಟೋ ಊರುಗಳಿಗೆ 'ಆಸರೆ' ಯೋಜನೆಯ ಹೊಸ ಮನೆಗಳು ಬಂದವು. ಆ ಮಳೆಯಲ್ಲಿ ಮಾಳಿಗೆ ಬಿದ್ದು ಮನೆಯವರನ್ನು ಕಳೆದುಕೊಂಡವರ ಮುಂದೆ ನಿಂತು ಮಣ್ಣಿನ ಮನೆಯ ಸೊಬಗನ್ನು ಹೊಗಳಲು ನನಗೆ ನಾಲಗೆ ಏಳುವುದಿಲ್ಲ. ಹಳೆಯ ಮನೆಯನ್ನು ಕೆಡವಬೇಡಿ ಎಂದು ಹೇಳುವ ಹಕ್ಕು ಬಾಡಿಗೆ ಕೋಣೆಯಲ್ಲಿ ಕೂತು ಪ್ರಬಂಧ ಬರೆಯುವ ನನ್ನಂಥವಳಿಗಿಲ್ಲ. ಸ್ಮಾರಕಗಳ ಕಾಯ್ದೆಗಳೂ ಇಲ್ಲಿ ನೆರವಿಗೆ ಬರುವುದಿಲ್ಲ. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎರಡೂ ಗುಡಿ, ಕೋಟೆ, ಶಾಸನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಪಾಲಾದ, ಸೋರುವ, ಜನ ಇನ್ನೂ ಅಡುಗೆ ಮಾಡುವ ಮನೆಗೆ ಅವುಗಳಲ್ಲಿ ಜಾಗ ಸಿಗುವುದು ಅಪರೂಪ.

ಕೆಡವುವುದು ತಪ್ಪದು ಎಂದಾದರೆ ಕೆಡವುವ ಮೊದಲು ಮಾಡಬಹುದಾದದ್ದು ಏನು? ಈ ಭಾಗದ ಕಾಲೇಜುಗಳಲ್ಲಿ ಚರಿತ್ರೆ, ಕನ್ನಡ, ಸಿವಿಲ್ ಇಂಜಿನಿಯರಿಂಗ್ ಓದುವವರು ಸಾವಿರಾರು ಮಂದಿ ಇದ್ದಾರೆ. ಒಂದು ಮನೆಗೆ ಎರಡು ದಿನ ಸಾಕು. ಅಂಕಣಗಳನ್ನು ಎಣಿಸಿ ನೆಲದ ನಕ್ಷೆ ಬರೆಯಬಹುದು. ಬೋದಿಗೆ, ಬಾಗಿಲುವಾಡ, ಮೆಟ್ಟಿಲುಗಳ ಚಿತ್ರ ತೆಗೆಯಬಹುದು. ಟ್ರಂಕಿನ ಕಾಗದಗಳನ್ನು ಫೋನಿನಲ್ಲೇ ಸ್ಕ್ಯಾನ್ ಮಾಡಿಟ್ಟುಕೊಂಡು ಉರ್ದು ಬಲ್ಲ ಹಿರಿಯರೊಬ್ಬರಿಂದ ಓದಿಸಬಹುದು. ರಾಯಚೂರಿನಲ್ಲಿ ಅಂಥವರು ಇನ್ನೂ ಇದ್ದಾರೆ, ಹತ್ತು ವರ್ಷಗಳ ನಂತರ ಹೀಗೆ ಹೇಳಲಾಗದು. ಮನೆಯ ಯಜಮಾನರನ್ನು ಮಾತಾಡಿಸಿದ ಮೇಲೆ ಅಡುಗೆಮನೆಯಲ್ಲಿದ್ದವರನ್ನು, ಗೋಡೆ ಕಟ್ಟಿದವರ ಮೊಮ್ಮಕ್ಕಳನ್ನು, ಅಂಗಳದಾಚೆ ನಿಂತವರ ಮಕ್ಕಳನ್ನೂ ಮಾತಾಡಿಸಬೇಕು. ಮೊದಲನೆಯವರ ಮಾತಿನಿಂದ ಮನೆತನದ ಕಥೆ ಸಿಗುತ್ತದೆ; ಉಳಿದವರೂ ಸೇರಿದರೆ ಮಾತ್ರ ಮನೆಯ ಚರಿತ್ರೆ.

ಹೊಸ ಲೇಔಟಿನ ಡ್ಯೂಪ್ಲೆಕ್ಸ್ ಮನೆಗಳಲ್ಲಿ ಪಡಸಾಲೆಯ ಜಾಗಕ್ಕೆ ಹಾಲ್ ಬಂದಿದೆ, ಹೊಸ್ತಿಲು ತೆಳುವಾಗಿದೆ, ಮೆಟ್ಟಿಲು ಅಗಲವಾಗಿದೆ. ಅಲ್ಲಿಗೆ ಬಾಡಿಗೆ ಕೇಳಲು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಮಾತ್ರ ಇಂದಿಗೂ 'ನೀವು ಯಾವ ಪೈಕಿ?' ಎಂಬುದೇ. ಹಳೆಯ ಮನೆಯ ಹೊಸ್ತಿಲುಗಳನ್ನು ಎಣಿಸುವ ಕೆಲಸ ಅದಕ್ಕಾಗಿಯೂ ಬೇಕು.